ಮೇಜಿನ ಮೇಲಿನ ಸಾವೊ ಗಬ್ರಿಯೇಲ್



ಮೈಸೂರಿನಿಂದ ಬರುವ ಹೆದ್ದಾರಿ ಗುಂಡ್ಲುಪೇಟೆಯಲ್ಲಿ ಎರಡಾಗಿ ಕವಲೊಡೆಯುತ್ತದೆ. ಒಂದು ಕವಲು ಬಂಡೀಪುರವನ್ನು ಹಾದು ಊಟಿಯ ಬೆಟ್ಟಗಳಿಗೆ ಏರುತ್ತದೆ. ಇನ್ನೊಂದು ಕಾಡಿನೊಳಗೇ ಸಾಗಿ, ಸುಲ್ತಾನ್ ಬತ್ತೇರಿ, ಕಲ್ಪೆಟ್ಟಗಳನ್ನು ದಾಟಿ, ತಾಮರಶ್ಶೇರಿ ಘಾಟಿಯ ತಿರುವುಗಳನ್ನು ಇಳಿದು ಕಲ್ಲಿಕೋಟೆಯ ಕಡಲನ್ನು ಸೇರುತ್ತದೆ. ನಮ್ಮ ಸೀಮೆಯ ತರಕಾರಿ ಮತ್ತು ಚೆಂಡುಹೂವನ್ನು ಹೊತ್ತ ಲಾರಿಗಳಿಗೆ ಇದು ದಿನನಿತ್ಯದ ಹಾದಿ. ದೂರ ಸುಮಾರು 150 ಕಿಲೋಮೀಟರ್. ಆದರೂ ಚಾಮರಾಜನಗರ, ಗುಂಡ್ಲುಪೇಟೆಗಳ ಮಕ್ಕಳಿಗೆ ಹಡಗು ಎಂಬುದು ಇಂದಿಗೂ ಪಠ್ಯಪುಸ್ತಕದ ಒಂದು ಚಿತ್ರವಷ್ಟೆ. ಆ ಹಾದಿ ಮುಗಿಯುವಲ್ಲಿ, ಕಲ್ಲಿಕೋಟೆಗೆ ಸ್ವಲ್ಪ ಉತ್ತರದಲ್ಲಿರುವ ಕಾಪ್ಪಾಡ್ ಎಂಬ ಮರಳ ದಂಡೆಯ ಎದುರು, 1498ರ ಮೇ 20ರಂದು ಮೂರು ಹಡಗುಗಳು ಲಂಗರು ಹಾಕಿದವು. ಅವುಗಳಲ್ಲಿ ನಾಯಕ ವಾಸ್ಕೊ ಡ ಗಾಮನನ್ನು ಹೊತ್ತಿದ್ದ ಹಡಗಿನ ಹೆಸರು ‘ಸಾವೊ ಗಬ್ರಿಯೇಲ್’. ನಮ್ಮ ಮಾತಿನಲ್ಲಿ ಹೇಳುವುದಾದರೆ, ಸಂತ ಗಬ್ರಿಯೇಲ್.

ಈ ಲೇಖನದ ವಿಷಯ ಆ ಹಡಗೇ. ಆದರೆ ಕಡಲ ಮೇಲಿನ ಹಡಗಲ್ಲ, ಮೇಜಿನ ಮೇಲಿನ ಹಡಗು. ಮರದ ಸೀಳು, ನೂಲು, ಬಟ್ಟೆಗಳಿಂದ ತಿಂಗಳುಗಟ್ಟಲೆ ಕುಳಿತು ಕೈಯಲ್ಲಿ ಕಟ್ಟುವ ಪುಟ್ಟ ಮಾದರಿ. ಹೊಸ ಜಲಮಾರ್ಗಗಳನ್ನು ಹುಡುಕಿ ಹೊರಟ ಹಳೆಯ ಹಾಯಿಹಡಗುಗಳ ಇಂತಹ ಮಾದರಿಗಳನ್ನು ಜಗತ್ತಿನ ಅನೇಕ ದೇಶಗಳಲ್ಲಿ ಹವ್ಯಾಸಿಗಳು ಕಟ್ಟುತ್ತಾರೆ. ಲಿಸ್ಬನ್ ನಗರದ ನೌಕಾ ವಸ್ತುಸಂಗ್ರಹಾಲಯದಲ್ಲಿ ಸಾವೊ ಗಬ್ರಿಯೇಲಿನ ಮಾದರಿಯನ್ನು ಕಾಣಬಹುದು. ಇದು ಆಟಿಕೆಯ ಕೆಲಸವೆಂದು ತೋರಬಹುದು. ವಾಸ್ತವವಾಗಿ ಇದು ಚರಿತ್ರೆಯನ್ನು ಬಲು ಕಠಿಣವಾಗಿ ಪ್ರಶ್ನಿಸುವ ಕೆಲಸ.

ಮಾದರಿ ಕಟ್ಟುವ ಅಭ್ಯಾಸ ನಮ್ಮ ಮನೆಗಳಿಗೆ ಹೊಸದಲ್ಲ. ಡಿಸೆಂಬರ್ ಬಂತೆಂದರೆ ಮನೆಮನೆಯಲ್ಲೂ ಗೋದಲಿ ಏಳುತ್ತದೆ. ರಾಗಿಯನ್ನು ಮೊಳಕೆ ಬರಿಸಿ ಹುಲ್ಲುಗಾವಲು ಮಾಡುತ್ತೇವೆ, ಕಾಗದವನ್ನು ಮುದುಡಿ ಬೆಟ್ಟ ಮಾಡುತ್ತೇವೆ, ಒಡೆದ ಕನ್ನಡಿಯ ಚೂರು ಕೆರೆಯಾಗುತ್ತದೆ. ಅಲ್ಲಿ ಕುರಿಮರಿ ಕೆಲವೊಮ್ಮೆ ಕೊಟ್ಟಿಗೆಗಿಂತ ಎತ್ತರವಿರುತ್ತದೆ, ಕಳೆದ ವರ್ಷದ ಒಂಟೆಯ ಪಕ್ಕದಲ್ಲಿ ಈ ವರ್ಷದ ಪುಟ್ಟ ಜ್ಞಾನಿ ನಿಂತಿರುತ್ತಾನೆ. ಯಾರೂ ಆಕ್ಷೇಪಿಸುವುದಿಲ್ಲ. ಗೋದಲಿಗೆ ಭಕ್ತಿ ಸಾಕು, ಅಳತೆಯ ಹಂಗಿಲ್ಲ. ಹಡಗಿನ ಮಾದರಿಗಾದರೋ ಅಳತೆಯೇ ಪ್ರಾಣ. ನಿಜವಾದ ಹಡಗಿನ 50 ಅಂಗುಲ ಮಾದರಿಯಲ್ಲಿ ಒಂದು ಅಂಗುಲವೆಂದು ಒಮ್ಮೆ ನಿಶ್ಚಯಿಸಿದರೆ, ಕೂವೆಮರದಿಂದ ಹಿಡಿದು ನೀರಿನ ಪೀಪಾಯಿಯವರೆಗೆ ಎಲ್ಲವೂ ಆ ಕಟ್ಟಳೆಗೆ ಒಳಪಡಬೇಕು.

ಸಾವೊ ಗಬ್ರಿಯೇಲಿನ ಉದ್ದ ಸುಮಾರು 27 ಮೀಟರ್, ಅಗಲ ಎಂಟೂವರೆ ಮೀಟರ್ ಇದ್ದಿರಬಹುದೆಂದು ವಿದ್ವಾಂಸರ ಅಂದಾಜು. ನಮ್ಮ ಸಾರಿಗೆ ಬಸ್ಸುಗಳನ್ನು ಒಂದರ ಹಿಂದೊಂದು ನಿಲ್ಲಿಸಿದರೆ ಎರಡೂವರೆ ಬಸ್ಸಿನಷ್ಟು ಉದ್ದ. ಐವತ್ತನೇ ಒಂದು ಅಳತೆಯ ಮಾದರಿಯಲ್ಲಿ ಇದು 54 ಸೆಂಟಿಮೀಟರ್ ಆಗುತ್ತದೆ. ಊಟದ ಮೇಜಿನ ಒಂದು ಮೂಲೆ ಸಾಕು. ಅದರ ಮೇಲೆ ನಿಲ್ಲಿಸುವ ನಾವಿಕನ ಎತ್ತರ ಮೂರೂವರೆ ಸೆಂಟಿಮೀಟರನ್ನೂ ಮುಟ್ಟುವುದಿಲ್ಲ. ಈ ಲೆಕ್ಕ ಹಾಕಿದಾಗಲೇ ಮೊದಲ ಬೆರಗು ಹುಟ್ಟುವುದು. ಅಷ್ಟು ಸಣ್ಣ ಮರದ ತೊಟ್ಟಿಲಲ್ಲಿ ಕುಳಿತು ಆ ಜನ ಲಿಸ್ಬನ್ನಿನಿಂದ ಆಫ್ರಿಕದ ತುದಿಯನ್ನು ಬಳಸಿ ಕಲ್ಲಿಕೋಟೆಗೆ ಬಂದರಲ್ಲ! ಪುಸ್ತಕದಲ್ಲಿ 27 ಮೀಟರ್ ಎಂದು ಓದಿದಾಗ ಇದು ಮನಸ್ಸಿಗೆ ನಾಟುವುದಿಲ್ಲ. ಮರದ ಅಟ್ಟದ ಮೇಲೆ ಅಳತೆಗೆ ತಕ್ಕ ಮನುಷ್ಯರನ್ನು ಜೋಡಿಸತೊಡಗಿ, ಅವರು ಮಲಗಲು ಜಾಗವೆಲ್ಲಿ ಎಂದು ಹುಡುಕಿದಾಗ ನಾಟುತ್ತದೆ.

‘ಅಂದಾಜು’ ಎಂಬ ಪದವನ್ನು ಬೇಕೆಂದೇ ಬಳಸಿದ್ದೇನೆ. ಏಕೆಂದರೆ ಸಾವೊ ಗಬ್ರಿಯೇಲ್ ಹೇಗಿತ್ತೆಂದು ತೋರಿಸುವ, ಅದು ಕಟ್ಟಿದ ಕಾಲದ ಒಂದೇ ಒಂದು ನಕ್ಷೆಯೂ ಉಳಿದಿಲ್ಲ. ಅಂದಿನ ಹಡಗು ಬಡಗಿಗಳು ಕಾಗದದ ಮೇಲೆ ನಕ್ಷೆ ಬರೆದು ಕೆಲಸ ಮಾಡಿದವರಲ್ಲ. ಅಡಿಮರದ ಉದ್ದ ಇಷ್ಟಾದರೆ ಅಗಲ ಇಷ್ಟು, ಕೂವೆಯ ಎತ್ತರ ಇಷ್ಟು ಎಂಬ ಪ್ರಮಾಣಗಳು ಅವರ ಕಂಠದಲ್ಲಿದ್ದವು. ಮರದ ಅಚ್ಚುಗಳು ಕೈಯಲ್ಲಿದ್ದವು. ಆಷಾಢದಲ್ಲಿ ಚಾಮರಾಜನಗರದ ಚಾಮರಾಜೇಶ್ವರ ರಥವನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಅಷ್ಟು ದೊಡ್ಡ ಮರದ ರಚನೆಯ ಹಿಂದೆ ತಲೆಮಾರಿನಿಂದ ತಲೆಮಾರಿಗೆ ಸಂದ ಕೈಯ ಲೆಕ್ಕವಿರುತ್ತದೆ. ಆ ಕೈಗಳು ಮಣ್ಣಾದರೆ ಲೆಕ್ಕವೂ ಮಣ್ಣಾಗುತ್ತದೆ. ಪೋರ್ಚುಗಲ್ಲಿನಲ್ಲಿ ಫರ್ನಾಂಡೊ ಒಲಿವೇರಾ ಎಂಬ ಗುರು ಹಡಗು ಕಟ್ಟುವ ವಿಧಾನವನ್ನು ತಮ್ಮ ಭಾಷೆಯಲ್ಲಿ ಗ್ರಂಥವಾಗಿ ಬರೆದದ್ದು 1580ರ ಸುಮಾರಿಗೆ, ಅಂದರೆ ಎಂಬತ್ತು ವರ್ಷಗಳ ತರುವಾಯ. ವರ್ಷವರ್ಷದ ನೌಕಾಪಡೆಗಳನ್ನು ಚಿತ್ರಿಸಿದ ಹಸ್ತಪ್ರತಿಗಳಿವೆ, ಸಾವೊ ಗಬ್ರಿಯೇಲ್ ಕೂಡ ಅವುಗಳಲ್ಲಿದೆ. ಆದರೆ ಅವೂ ಅರ್ಧ ಶತಮಾನಕ್ಕಿಂತ ಹೆಚ್ಚು ಕಾಲದ ನಂತರದವು. ಇದ್ದಬದ್ದ ಕಾಗದಪತ್ರಗಳಲ್ಲಿ ಬಹುಪಾಲನ್ನು 1755ರ ನವೆಂಬರ್ 1ರ ಸಕಲ ಸಂತರ ಹಬ್ಬದಂದು ಲಿಸ್ಬನ್ನನ್ನು ಕೆಡವಿದ ಭೂಕಂಪವೂ ಅದರ ಬೆನ್ನಿಗೇ ಬಂದ ಬೆಂಕಿ ಮತ್ತು ಕಡಲಿನ ಅಲೆಗಳೂ ನುಂಗಿದವು.

ಹೀಗಿರುವಾಗ ಮಾದರಿ ಕಟ್ಟುವವನು ಯಾವುದನ್ನು ನೋಡಿ ಕಟ್ಟಬೇಕು? ಈ ಪ್ರಶ್ನೆಗೆ ಸಿಗುವ ಒಂದು ಉತ್ತರ ನಮಗೆ ವಿಶೇಷವಾಗಿ ಹತ್ತಿರದ್ದು, ಏಕೆಂದರೆ ಅದು ಒಂದು ದೇವಾಲಯದಿಂದ ಬಂದಿದೆ. ಸ್ಪೇನ್ ದೇಶದ ಕತಲೂನಿಯ ಪ್ರಾಂತದ ಮತಾರೊ ಎಂಬ ಊರಿನಲ್ಲಿ ಸಂತ ಸಿಮೋನರ ಸಣ್ಣ ಪ್ರಾರ್ಥನಾಲಯವೊಂದಿದೆ. ಹದಿನೈದನೇ ಶತಮಾನದ ನಡುಭಾಗದಲ್ಲಿ ಮಾಡಿದ, ಒಂದು ಮೀಟರಿಗಿಂತ ತುಸು ಉದ್ದದ ಮರದ ಹಡಗಿನ ಮಾದರಿಯೊಂದು ಅಲ್ಲಿತ್ತು. ಅದು ಹರಕೆಯ ಹಡಗು. ಬಿರುಗಾಳಿಯಿಂದ ಪಾರಾದವರು, ಅಥವಾ ಪಾರಾಗಲೆಂದು ಬೇಡಿಕೊಂಡವರು, ತಮ್ಮ ಹಡಗಿನ ಪ್ರತಿರೂಪವನ್ನು ಮಾಡಿ ದೇವಾಲಯಕ್ಕೆ ಒಪ್ಪಿಸುವುದು ಯೂರೋಪಿನ ಕರಾವಳಿಯ ಹಳೆಯ ಪದ್ಧತಿ. ವೇಳಾಂಗಣಿಗೆ ಹೋಗಿಬಂದ ನಮ್ಮವರಿಗೆ ಈ ಭಾವನೆ ಪರಿಚಿತವೇ: ಬಿರುಗಾಳಿಯಿಂದ ಬದುಕಿ ದಡ ಸೇರಿದ ಪೋರ್ಚುಗೀಸ್ ನಾವಿಕರು ಹರಕೆ ಹೊತ್ತಂತೆ ಮಾತೆಗೆ ಗುಡಿ ಕಟ್ಟಿಸಿದರೆಂಬುದು ಅಲ್ಲಿಯ ಪರಂಪರೆ. ಕಾಲು ನೋವು ಗುಣವಾದವರು ಬೆಳ್ಳಿಯ ಕಾಲನ್ನು, ಮನೆ ಕಟ್ಟಿದವರು ಪುಟ್ಟ ಮನೆಯನ್ನು ಅರ್ಪಿಸುವುದನ್ನು ನಾವು ಕಂಡಿದ್ದೇವೆ.

ಮತಾರೊದ ಆ ಅನಾಮಧೇಯ ಭಕ್ತ ಬೆಳ್ಳಿಯ ತಗಡಿಗೆ ಹೋಗಲಿಲ್ಲ. ತನಗೆ ಗೊತ್ತಿದ್ದ ಹಡಗನ್ನು, ತನಗೆ ಗೊತ್ತಿದ್ದ ರೀತಿಯಲ್ಲಿ, ಪಕ್ಕೆಲುಬು ನಿಲ್ಲಿಸಿ ಹಲಗೆ ಹೊದಿಸಿ ಕಟ್ಟಿದ. ಅಂದಿನ ನಿಜವಾದ ಹಡಗುಗಳು ಕೊಳೆತವು, ಮುಳುಗಿದವು, ಸೌದೆಯಾದವು. ಹರಕೆಯ ಹಡಗು ಉಳಿಯಿತು. 1920ರ ದಶಕದಲ್ಲಿ ಅದು ದೇಶಾಂತರ ಹೋಗಿ ಕೊನೆಗೆ ಹಾಲೆಂಡಿನ ರಾಟರ್‌ಡ್ಯಾಮ್ ನಗರದ ಸಂಗ್ರಹಾಲಯವನ್ನು ಸೇರಿತು. ಕೊಲಂಬಸ್ ಮತ್ತು ಗಾಮರ ಕಾಲಕ್ಕೆ ಸ್ವಲ್ಪ ಮುಂಚಿನ ಹಡಗುಗಳ ಮೈಕಟ್ಟು ಹೇಗಿತ್ತೆಂದು ತಿಳಿಯಲು ವಿದ್ವಾಂಸರು ಇಂದು ಅದರ ಮುಂದೆ ನಿಲ್ಲುತ್ತಾರೆ. ರಾಜರ ದಾಖಲೆಗಾರರು ಮಾಡದಿದ್ದ ಕೆಲಸವನ್ನು ಒಬ್ಬ ಭಕ್ತನ ಕೈ ಮಾಡಿಟ್ಟಿತ್ತು. ಅವನ ಮನಸ್ಸಿನಲ್ಲಿ ಚರಿತ್ರೆಯಿರಲಿಲ್ಲ, ಹರಕೆಯಷ್ಟೇ ಇತ್ತು ಎಂಬುದನ್ನು ನೆನೆದರೆ ನನಗೆ ಆ ಮಾದರಿಯ ಮೇಲೆ ಗೌರವ ಇನ್ನೂ ಹೆಚ್ಚುತ್ತದೆ.

ಕಡಲ ತಳದಿಂದಲೂ ಕೆಲವು ಸಾಕ್ಷ್ಯಗಳು ದೊರೆತಿವೆ. ಗಾಮನ ಎರಡನೇ ಯಾತ್ರೆಯಲ್ಲಿ ಬಂದು, 1503ರಲ್ಲಿ ಓಮಾನ್ ದೇಶದ ಅಲ್ ಹಲ್ಲಾನಿಯಾ ದ್ವೀಪದ ಬಳಿ ಬಿರುಗಾಳಿಗೆ ಸಿಕ್ಕಿ ಮುಳುಗಿದ ‘ಎಸ್ಮೆರಾಲ್ಡ’ ಎಂಬ ಹಡಗಿನದೆಂದು ನಂಬಲಾದ ಅವಶೇಷಗಳ ವಿಚಾರವನ್ನು 2016ರಲ್ಲಿ ಪ್ರಕಟಿಸಿದರು. 1498ರ ಇಸವಿಯಿದ್ದ ಗಂಟೆಯೊಂದು ಅಲ್ಲಿ ಸಿಕ್ಕಿತು. ನಾವಿಕರು ಸೂರ್ಯನ ಎತ್ತರವನ್ನು ಅಳೆಯುತ್ತಿದ್ದ ಲೋಹದ ಬಿಲ್ಲೆಯೂ ಸಿಕ್ಕಿತು. ಹಡಗಿನ ಮರ ಮಾತ್ರ ಉಳಿದಿರಲಿಲ್ಲ.

ಇನ್ನು ಕಟ್ಟುವ ಕೆಲಸಕ್ಕೆ ಬರೋಣ. ಮೊದಲು ಹಡಗಿನ ಬೆನ್ನೆಲುಬಾದ ಅಡಿಮರವನ್ನು ಸೀಳಿಟ್ಟುಕೊಳ್ಳಬೇಕು. ಅದರ ಮೇಲೆ ಅಡ್ಡಡ್ಡಲಾಗಿ ಪಕ್ಕೆಲುಬುಗಳು. ಅವುಗಳ ಮೇಲೆ ಬೆಂಕಿಕಡ್ಡಿಗಿಂತ ಸ್ವಲ್ಪ ಅಗಲದ ಮರದ ಪಟ್ಟಿಗಳನ್ನು ಬಿಸಿನೀರಿನಲ್ಲಿ ನೆನೆಸಿ, ಬಾಗಿಸಿ, ಒಂದೊಂದಾಗಿ ಅಂಟಿಸುತ್ತಾ ಹೋಗಬೇಕು. ನಮ್ಮ ಕಡೆ ಇದಕ್ಕೆ ಬೇಕಾದದ್ದು ಯಾವುದೂ ದುರ್ಲಭವಲ್ಲ. ಬಡಗಿಯ ಅಂಗಡಿಯಲ್ಲಿ ಬಿದ್ದಿರುವ ತೇಗದ ಸೀಳು, ಸಿಲ್ವರ್ ಓಕ್ ಮರದ ತುಂಡು, ಕೂವೆಗಳಿಗೆ ಬಿದಿರಿನ ಕಡ್ಡಿ, ಹಗ್ಗಗಳಿಗೆ ಹತ್ತಿಯ ನೂಲು. ನೂಲು ನವಿರೇಳದಂತೆ ಜೇನುಮೇಣ ತೀಡಬೇಕು. ಹಾಯಿಗೆ ಹಳೆಯ ಪಂಚೆಯ ತುಂಡನ್ನು ಟೀ ಡಿಕಾಕ್ಷನ್ನಿನಲ್ಲಿ ಅದ್ದಿ ಒಣಗಿಸಿದರೆ ಹಳೆಯ ಬಣ್ಣ ಬರುತ್ತದೆ. ದುಬಾರಿಯಾದದ್ದು ಒಂದೇ, ತಾಳ್ಮೆ. ಟಿವಿಯ ಮುಂದೆ ಕುಳಿತೇ ಸಂಜೆ ಕಳೆಯುವ ಮನೆಗಳಲ್ಲಿ ಅದರ ದಾಸ್ತಾನು ಎಷ್ಟಿದೆಯೋ ನೀವೇ ನೋಡಿಕೊಳ್ಳಿ.

ನಿಜವಾದ ಸಾವೊ ಗಬ್ರಿಯೇಲಿಗೆ ನಮ್ಮ ತೇಗದ ಭಾಗ್ಯವಿರಲಿಲ್ಲ. ಪೋರ್ಚುಗೀಸರು ತಮ್ಮ ನಾಡಿನ ಓಕ್ ಮತ್ತು ಪೈನ್ ಮರಗಳಿಂದ ಹಡಗು ಕಟ್ಟುತ್ತಿದ್ದರು. ಉಷ್ಣವಲಯದ ಕಡಲಿನಲ್ಲಿ ಹುಳುಗಳು ಅಂತಹ ಮರವನ್ನು ಜರಡಿಯಂತೆ ಕೊರೆಯುತ್ತಿದ್ದವು. ಮೂರು ನಾಲ್ಕು ಬಾರಿ ಭಾರತಕ್ಕೆ ಹೋಗಿಬಂದರೆ ಹಡಗಿನ ಆಯುಷ್ಯ ಮುಗಿದಂತೆ. ಪಶ್ಚಿಮ ಘಟ್ಟದ ತೇಗದ ಗುಣವನ್ನು ಅವರು ಅರಿತದ್ದು ಇಲ್ಲಿಗೆ ಬಂದ ಮೇಲೆ. 1560ರ ಸುಮಾರಿಗೆ ಗೋವೆಯಲ್ಲಿ ತೇಗದಿಂದ ಕಟ್ಟಿದ ‘ಸಿಂಕೊ ಶಾಗಸ್’, ಅಂದರೆ ಪ್ರಭುವಿನ ‘ಐದು ಗಾಯಗಳು’ ಎಂಬ ಹೆಸರಿನ ಹಡಗು, ಸುಮಾರು 25 ವರ್ಷ ಕಡಲಿನಲ್ಲಿ ಓಡಾಡಿತು.

1497ರ ಯಾತ್ರೆಗೆ ಹಡಗು ಕಟ್ಟಿಸುವ ಹೊಣೆ ಬಾರ್ತೊಲೊಮೆಯು ಡಿಯಾಸನದಾಗಿತ್ತು. ಆಫ್ರಿಕದ ದಕ್ಷಿಣ ತುದಿಯನ್ನು 1488ರಲ್ಲಿ ಮೊದಲು ಬಳಸಿ ಬಂದವನು ಅವನೇ. ತ್ರಿಕೋನ ಹಾಯಿಯ ಹಗುರ ದೋಣಿಗಳು ದಕ್ಷಿಣದ ಅಬ್ಬರದ ಕಡಲಿಗೆ ಸಾಲವೆಂದು ಅನುಭವದಿಂದ ಬಲ್ಲ ಅವನು, ಎತ್ತರದ ಒಡಲಿನ, ಚೌಕ ಹಾಯಿಗಳ ಎರಡು ಹಡಗುಗಳನ್ನು ಮಾಡಿಸಿದ. ಆದ್ದರಿಂದಲೇ ಮಾದರಿಯಲ್ಲಿ ಮೂರು ಕೂವೆಗಳನ್ನು ನಿಲ್ಲಿಸುವಾಗ ಮುಂದಿನ ಎರಡಕ್ಕೆ ಚೌಕ ಹಾಯಿಯನ್ನೂ, ಹಿಂದಿನ ಒಂದಕ್ಕೆ ಮಾತ್ರ ತ್ರಿಕೋನ ಹಾಯಿಯನ್ನೂ ಕಟ್ಟುತ್ತಾರೆ. ಹಡಗನ್ನು ಕಟ್ಟಿಸಿದ ಡಿಯಾಸನಿಗೆ ಅದರ ನಾಯಕತ್ವ ದೊರೆಯಲಿಲ್ಲ. 1497ರ ಜುಲೈ 8ರಂದು ಲಿಸ್ಬನ್ ಬಿಟ್ಟ ಹಡಗುಗಳ ಜೊತೆ ಅವನು ಸ್ವಲ್ಪ ದೂರದವರೆಗೆ ಬೇರೊಂದು ಹಡಗಿನಲ್ಲಿ ಬಂದು ಬೀಳ್ಕೊಟ್ಟ.

ಹೊರಟ ಹಡಗುಗಳು ನಾಲ್ಕು: ಸಾವೊ ಗಬ್ರಿಯೇಲ್; ಗಾಮನ ಅಣ್ಣ ಪೌಲೊ ನಡೆಸುತ್ತಿದ್ದ ಸಾವೊ ರಫಾಯೇಲ್; ನಿಕೊಲಾವ್ ಕೊಯೆಲ್ಹೊ ನಡೆಸುತ್ತಿದ್ದ ಬೆರಿಯೊ; ಮತ್ತು ದಿನಸಿ ಹೊತ್ತ ಒಂದು ಹಡಗು. ದಿನಸಿ ಖಾಲಿಯಾದ ಮೇಲೆ ಆ ನಾಲ್ಕನೆಯದನ್ನು ಆಫ್ರಿಕದ ದಡದಲ್ಲೇ ಒಡೆದುಹಾಕಿದರು. ಜನ ಒಟ್ಟು ಸುಮಾರು 170. ಆಫ್ರಿಕದ ಪೂರ್ವತೀರದ ಮಲಿಂದಿಯಲ್ಲಿ ಅಲ್ಲಿನ ಅರಸ ಅವರಿಗೆ ದಾರಿ ಬಲ್ಲ ಮಾರ್ಗದರ್ಶಕನನ್ನು ಕೊಟ್ಟ. ಅವನ ಅರಿವು ಮತ್ತು ಮುಂಗಾರಿನ ಗಾಳಿ ಎರಡೂ ಕೂಡಿಬಂದು, ಅರಬ್ಬಿ ಸಮುದ್ರವನ್ನು ಅವರು ಕೇವಲ 23 ದಿನಗಳಲ್ಲಿ ದಾಟಿದರು. ಪಶ್ಚಿಮದವರು ಹೊಸದಾಗಿ ಕಂಡುಹಿಡಿದರೆಂದು ನಾವು ಶಾಲೆಯಲ್ಲಿ ಓದಿದ ದಾರಿಯ ಈ ಕೊನೆಯ ಭಾಗ, ಈ ಕಡಲಿನ ಜನರಿಗೆ ಶತಮಾನಗಳಿಂದ ತಿಳಿದಿದ್ದ ದಾರಿ. ಎಷ್ಟೇ ಕುಶಲವಾಗಿ ಕಟ್ಟಿದ ಮಾದರಿಯಲ್ಲೂ ಆ ಮಾರ್ಗದರ್ಶಕನ ತಲೆಯೊಳಗಿದ್ದ ನಕ್ಷತ್ರಗಳ ಲೆಕ್ಕವನ್ನು ತೋರಿಸಲಾಗದು.

ಕಲ್ಲಿಕೋಟೆಯಲ್ಲಿ ಮೊದಲು ದಡಕ್ಕೆ ಇಳಿದವನು, ತಾವು ಕ್ರೈಸ್ತರನ್ನೂ ಸಾಂಬಾರ ಪದಾರ್ಥಗಳನ್ನೂ ಹುಡುಕಿ ಬಂದಿರುವುದಾಗಿ ಹೇಳಿದನೆಂದು ಯಾತ್ರೆಯ ದಿನಚರಿ ದಾಖಲಿಸಿದೆ. ಹುಡುಕುವ ಆತುರದಲ್ಲಿ ಅವರು ಒಂದು ಹಿಂದೂ ದೇವಸ್ಥಾನವನ್ನೇ ಚರ್ಚೆಂದು ಭಾವಿಸಿ ಪ್ರಾರ್ಥಿಸಿದರು. ಗೋಡೆಯ ಮೇಲಿನ ‘ಸಂತರಿಗೆ’ ನಾಲ್ಕೈದು ತೋಳುಗಳಿದ್ದವೆಂದು ದಿನಚರಿಕಾರ ನಿಷ್ಕಪಟವಾಗಿ ಬರೆದಿಟ್ಟಿದ್ದಾನೆ. ಸಂತ ತೋಮರ ಪರಂಪರೆಯ ಕ್ರೈಸ್ತರು ಅದೇ ಕರಾವಳಿಯ ದಕ್ಷಿಣದಲ್ಲಿ ಶತಮಾನಗಳಿಂದ ಇದ್ದರು. ಅವರನ್ನು ತಲುಪಲು ಇಷ್ಟೆಲ್ಲ ತೋಪುಗಳ ಅಗತ್ಯವೇನೂ ಇರಲಿಲ್ಲ.

ಈ ಹಡಗಿನ ಅಡಿಮರಕ್ಕೆ ನಮ್ಮ ಕನ್ನಡ ಕರಾವಳಿಯ ನೀರಿನ ಸಂಬಂಧವೂ ಇದೆ. ಕಲ್ಲಿಕೋಟೆಯಿಂದ 1498ರ ಆಗಸ್ಟ್ 29ರಂದು ಹೊರಟು ಉತ್ತರಕ್ಕೆ ಬರುತ್ತಾ, ಸೆಪ್ಟೆಂಬರ್ ನಡುವಿನಲ್ಲಿ ತೀರದ ಸಮೀಪದ ನಡುಗಡ್ಡೆಗಳ ಮೇಲೆ ಅವರು ಒಂದು ಕಲ್ಲಿನ ಕಂಬವನ್ನು ನೆಟ್ಟು ‘ಸಾಂತಾ ಮರಿಯಾ’ ಎಂದು ಹೆಸರಿಟ್ಟರು. ಮಲ್ಪೆಯ ಎದುರಿನ ಸೇಂಟ್ ಮೇರೀಸ್ ದ್ವೀಪಗಳಿಗೆ ಹೆಸರು ಬಂದದ್ದು ಹೀಗೆಂದು ಪರಂಪರೆ ಹೇಳುತ್ತದೆ. ಅಲ್ಲಿಂದ ಮುಂದೆ ಕಾರವಾರದ ಬಳಿಯ ಅಂಜದೀವ ದ್ವೀಪದಲ್ಲಿ ತಂಗಿ, ಹಡಗುಗಳನ್ನು ದಡಕ್ಕೆ ಓರೆಯಾಗಿಸಿ, ತಳಕ್ಕೆ ಅಂಟಿದ ಚಿಪ್ಪುಪಾಚಿಗಳನ್ನು ಕೆರೆದು ತೆಗೆದರು, ಸಿಹಿನೀರು ತುಂಬಿಕೊಂಡರು. ಮಾದರಿಯ ತಳವನ್ನು ಉಜ್ಜಿ ನಯಗೊಳಿಸುವ ಘಟ್ಟಕ್ಕೆ ಬಂದವರಿಗೆ ಈ ಸಂಗತಿ ನೆನಪಾದರೆ ಆ ಕೆಲಸದ ಬೇಸರ ಕಳೆಯುತ್ತದೆ.

ತಳದಿಂದ ಮೇಲಕ್ಕೆ, ಹಾಯಿಗೆ ಬಂದಾಗ ನಮ್ಮಂತಹ ಮನೆಗಳಲ್ಲಿ ಒಂದು ಮುಖ್ಯ ಪ್ರಶ್ನೆ ಏಳುತ್ತದೆ, ಏಳಬೇಕು. ಹಾಯಿಯ ಮೇಲೆ ಕೆಂಪು ಶಿಲುಬೆಯನ್ನು ಬಿಡಿಸುತ್ತೇವೆ. ಅದು ಪೋರ್ಚುಗಲ್ಲಿನ ಕ್ರಿಸ್ತ ಸಂಘವೆಂಬ ಯೋಧರ ಸಂಘದ ಗುರುತು. ಮಕ್ಕಳಿಗೆ ಎಲ್ಲಕ್ಕಿಂತ ಇಷ್ಟವಾಗುವ ಕೆಲಸವೂ ಇದೇ. ಅದೇ ಹಡಗಿನ ಅಟ್ಟದ ಮೇಲೆ ಸಣ್ಣ ಸಣ್ಣ ತೋಪುಗಳನ್ನೂ ಕೂಡಿಸಬೇಕು. ಕೆಲವರು ಇವನ್ನು ಕೈಬಿಡುತ್ತಾರೆ, ಮಾಡುವುದು ಕಷ್ಟವೆಂದೋ, ನೋಡಲು ಚೆನ್ನಲ್ಲವೆಂದೋ. ಹಾಗೆ ಬಿಟ್ಟರೆ ಆ ಮಾದರಿ ಸುಂದರವಾಗಬಹುದು, ಸತ್ಯವಾಗುವುದಿಲ್ಲ. ಗಾಮ 1502ರಲ್ಲಿ ಎರಡನೇ ಬಾರಿ ಬಂದಾಗ, ಮೆಕ್ಕಾ ಯಾತ್ರೆ ಮುಗಿಸಿ ಮರಳುತ್ತಿದ್ದ ‘ಮೀರಿ’ ಎಂಬ ಹಡಗನ್ನು ಮಲಬಾರಿನ ಕಡಲಿನಲ್ಲಿ ತಡೆದು, ಸಂಪತ್ತನ್ನೆಲ್ಲ ಕಿತ್ತುಕೊಂಡು, ಹೆಂಗಸರು ಮಕ್ಕಳು ಸಮೇತ ನೂರಾರು ಜನರಿದ್ದ ಅದಕ್ಕೆ ಬೆಂಕಿಯಿಕ್ಕಿಸಿದ. ತಾಯಂದಿರು ಕೂಸುಗಳನ್ನು ಎತ್ತಿ ತೋರಿಸಿ ಕರುಣೆ ಬೇಡಿದ್ದನ್ನು ಬರೆದಿಟ್ಟವನು ಶತ್ರುವಲ್ಲ. ಆ ಪಡೆಯಲ್ಲೇ ಇದ್ದ ತೊಮೆ ಲೋಪಿಸ್ ಎಂಬ ಪೋರ್ಚುಗೀಸ್ ಬರಹಗಾರ. ಆ ಹಡಗುಗಳ ಹಾಯಿಯ ಮೇಲೂ ಶಿಲುಬೆಯಿತ್ತು.

ಅಂತಹ ಹಡಗುಗಳೇ ಮುಂದಿನ ಶತಮಾನಗಳಲ್ಲಿ ಬೇರೆ ತರಹದ ಜನರನ್ನೂ ತಂದವೆಂಬುದೂ ನಿಜ. ಇಟಲಿಯ ಯೇಸುಸಭೆಯ ಗುರು ಲಿಯೊನಾರ್ಡೊ ಚಿನ್ನಾಮಿ ಅದೇ ಕಡಲಿನ ದಾರಿಯಲ್ಲಿ ಗೋವೆಗೆ ಬಂದು, 1640ರ ದಶಕದ ಕೊನೆಯಲ್ಲಿ ಶ್ರೀರಂಗಪಟ್ಟಣಕ್ಕೆ ನಡೆದು, ಕನ್ನಡ ಕಲಿತು, ಮೈಸೂರು ಮಿಷನ್ನಿನ ಬುನಾದಿ ಹಾಕಿದರು. ಚಾಮರಾಜನಗರ ಜಿಲ್ಲೆಯನ್ನೂ ಒಳಗೊಂಡ ನಮ್ಮ ಧರ್ಮಕ್ಷೇತ್ರದ ಕಥೆ ಅಲ್ಲಿಂದ ಆರಂಭವಾಗುತ್ತದೆ. ಚಿನ್ನಾಮಿಯವರ ಕೈಯಲ್ಲಿ ತೋಪಿರಲಿಲ್ಲ. ಒಂದೇ ದಾರಿಯಲ್ಲಿ ಬಂದ ಈ ಎರಡನ್ನೂ ಒಂದರಲ್ಲೊಂದು ಕರಗಿಸದೆ ಬೇರೆಬೇರೆಯಾಗಿಯೇ ನೆನಪಿಡಬೇಕೆಂಬುದು ನನ್ನ ಅಭಿಪ್ರಾಯ. ಮಗು ಕೇಳಿದಾಗ ತೋಪನ್ನೂ ತೋರಿಸಿ ಉತ್ತರ ಹೇಳುವುದು ಹೆತ್ತವರಿಗೆ ಸುಲಭವಲ್ಲ. ಆದರೆ ಆ ಪ್ರಶ್ನೆ ಮನೆಯಲ್ಲಿಯೇ ಬರಲಿ. ಬೀದಿಯಲ್ಲಿ ಯಾರೋ ಅದನ್ನು ಕಲ್ಲಿನಂತೆ ಎಸೆಯುವ ಮೊದಲೇ ಬರಲಿ.

ಮೈಸೂರಿನ ಅರಸೊತ್ತಿಗೆಯೂ ಹಡಗಿನ ಮಾದರಿಯ ಬೆಲೆಯನ್ನು ಅರಿತ ಒಂದು ಗಳಿಗೆಯಿತ್ತು. ಬ್ರಿಟಿಷರ ನೌಕಾಬಲದ ಎದುರು ತನಗೂ ಹಡಗುಗಳು ಬೇಕೆಂದು ಟಿಪ್ಪು ಸುಲ್ತಾನ್ 1796ರಲ್ಲಿ ಮಂಗಳೂರು ಮೊದಲಾದ ಕಡೆ ನಲವತ್ತರಷ್ಟು ಹಡಗುಗಳನ್ನು ಕಟ್ಟಲು ಅಪ್ಪಣೆ ಕೊಟ್ಟ. ಅವುಗಳ ಮಾದರಿಯನ್ನು ಸುಲ್ತಾನನೇ ಒದಗಿಸಿದನೆಂದು ಇತಿಹಾಸಕಾರರು ಬರೆದಿದ್ದಾರೆ. ಕಡಲಿನಿಂದ ದೂರದ ರಾಜಧಾನಿಯಲ್ಲಿ ಕುಳಿತ ಅರಸನಿಗೆ ಬೇರೆ ದಾರಿಯಿರಲಿಲ್ಲ. ಆ ಯೋಜನೆ ಪೂರ್ಣಗೊಳ್ಳುವ ಮೊದಲೇ, 1799ರಲ್ಲಿ, ಶ್ರೀರಂಗಪಟ್ಟಣ ಬಿತ್ತು.

ಕಾಪ್ಪಾಡಿನ ಎದುರು ಮೊಳೆ ಹೊಡೆದ ಹಡಗುಗಳು ಬಂದು ನಿಂತಾಗ, ಈ ಕರಾವಳಿಯಲ್ಲಿ ಮೊಳೆಯೇ ಇಲ್ಲದ ಹಡಗುಗಳೂ ಇದ್ದವು. ಹಲಗೆಗೆ ಹಲಗೆಯನ್ನು ತೆಂಗಿನ ನಾರಿನ ಹುರಿಯಿಂದ ಹೊಲಿದು ಅವನ್ನು ಕಟ್ಟುತ್ತಿದ್ದರು. ಆ ಹೊಲಿಗೆಯ ಹಡಗುಗಳಿಗೂ ನಕ್ಷೆಗಳಿರಲಿಲ್ಲ. ಅವುಗಳ ನೆನಪನ್ನು ಎತ್ತಿ ನಿಲ್ಲಿಸುವ ಪ್ರಯತ್ನವೊಂದು ಇತ್ತೀಚೆಗೆ ನಮ್ಮ ಪಕ್ಕದಲ್ಲೇ ನಡೆಯಿತು. ಅಜಂತದ ಗುಹೆಯಲ್ಲಿರುವ ಐದನೇ ಶತಮಾನದ ಹಡಗಿನ ಚಿತ್ರವೊಂದನ್ನು ಆಧರಿಸಿ, ಕೇರಳದ ಕುಶಲಕರ್ಮಿ ಬಾಬು ಶಂಕರನ್ ಅವರ ಮುಂದಾಳುತನದಲ್ಲಿ, ಸುಮಾರು 20 ಮೀಟರ್ ಉದ್ದದ ಹಡಗನ್ನು 2023ರಿಂದ ಗೋವೆಯಲ್ಲಿ ಹೊಲಿದು ಕಟ್ಟಿದರು. ಗೋಡೆಯ ಮೇಲಿನ ಚಿತ್ರ ಒಂದೇ ಪಕ್ಕವನ್ನು ತೋರಿಸುತ್ತದೆ. ಹಡಗಿನ ಅಗಲವೆಷ್ಟು, ತಳದ ಆಕಾರವೇನು, ಗಾಳಿ ಬಡಿದಾಗ ಎಷ್ಟು ವಾಲುತ್ತದೆ ಎಂಬುದನ್ನು ಅದು ಹೇಳುವುದಿಲ್ಲ. ಆದ್ದರಿಂದ ಅಲ್ಲಿಯೂ ಸಣ್ಣ ಮಾದರಿಯ ಮೊರೆಹೋಗಬೇಕಾಯಿತು. ಮದ್ರಾಸ್ ಐಐಟಿಯಲ್ಲಿ ಮಾದರಿಯನ್ನು ನೀರಿಗಿಳಿಸಿ ಪರೀಕ್ಷಿಸಿದ ನಂತರವೇ ಹಡಗಿನ ರೂಪದ ಬಗ್ಗೆ ಭರವಸೆ ಮೂಡಿತು.

2025ರ ಮೇ 21ರಂದು ಕಾರವಾರದ ನೌಕಾನೆಲೆಯಲ್ಲಿ ಆ ಹಡಗು ‘ಕೌಂಡಿನ್ಯ’ ಎಂಬ ಹೆಸರಿನಲ್ಲಿ ಭಾರತೀಯ ನೌಕಾಪಡೆಯನ್ನು ಸೇರಿತು. ಅಂಜದೀವ ಇರುವುದೂ ಅದೇ ನೀರಿನಲ್ಲಿ. ಅದರ ಹಾಯಿಯ ಮೇಲಿರುವುದು ಗಂಡಭೇರುಂಡ, ನಮ್ಮ ರಾಜ್ಯಲಾಂಛನದಲ್ಲಿ ನಾವು ದಿನವೂ ನೋಡುವ ಅದೇ ಎರಡು ತಲೆಯ ಹಕ್ಕಿ. 2025ರ ಡಿಸೆಂಬರ್ 29ರಂದು ಪೋರಬಂದರಿನಿಂದ ಹೊರಟ ಕೌಂಡಿನ್ಯ 2026ರ ಜನವರಿ 14ರಂದು ಓಮಾನಿನ ಮಸ್ಕತ್ ತಲುಪಿತು. ನಾರಿನ ಹೊಲಿಗೆ ಅರಬ್ಬಿ ಸಮುದ್ರವನ್ನು ತಡೆಯಿತು. ಮನೆಯಲ್ಲಿ ಮಾದರಿ ಕಟ್ಟಬೇಕೆನ್ನುವವರು ಸಾವೊ ಗಬ್ರಿಯೇಲಿನ ಪಕ್ಕದಲ್ಲಿ ಒಂದು ಕೌಂಡಿನ್ಯವನ್ನೂ ಕಟ್ಟಲಿ ಎನ್ನುತ್ತೇನೆ. ಸೂಜಿ ಹಿಡಿಯಬಲ್ಲ ಅಜ್ಜಿಯರ ನೆರವು ಬೇಕಾದೀತು.

ಸಾವೊ ಗಬ್ರಿಯೇಲಿಗೆ ಮರಳೋಣ, ಏಕೆಂದರೆ ಅದಿನ್ನೂ ಅಂಜದೀವದಲ್ಲೇ ನಿಂತಿದೆ. 1498ರ ಅಕ್ಟೋಬರ್ 5ರಂದು ಅಲ್ಲಿಂದ ಹೊರಟ ಹಡಗುಗಳಿಗೆ ಈ ಸಲ ಗಾಳಿ ಅನುಕೂಲವಾಗಿರಲಿಲ್ಲ. ಬರುವಾಗ 23 ದಿನ ಹಿಡಿದಿದ್ದ ಕಡಲನ್ನು ಮರಳಿ ದಾಟಲು ಸುಮಾರು ಮೂರು ತಿಂಗಳು ಹಿಡಿಯಿತು. ತಾಜಾ ಹಣ್ಣು ತರಕಾರಿಗಳಿಲ್ಲದೆ ಜನರಿಗೆ ಸ್ಕರ್ವಿ ರೋಗ ಬಂತು. ಒಸಡು ಊದಿ ಹಲ್ಲುಗಳನ್ನೇ ಮುಚ್ಚಿತು, ಕಾಲುಗಳು ಬಾತವು, ಆ ಒಂದು ದಾಟುವಿಕೆಯಲ್ಲೇ 30 ಜನ ಸತ್ತರು. ಒಂದೊಂದು ಹಡಗಿನಲ್ಲೂ ಹಗ್ಗ ಎಳೆಯುವ ಶಕ್ತಿಯಿದ್ದವರು ಏಳೆಂಟು ಜನ ಮಾತ್ರ. ಗುಂಡ್ಲುಪೇಟೆಯ ಸಂತೆಯಲ್ಲಿ ರಾಶಿ ಹಾಕಿ ಮಾರುವ ನಿಂಬೆಹಣ್ಣು ಆ ಜನರನ್ನು ಉಳಿಸಬಲ್ಲದಾಗಿತ್ತು. ನೀವು 1499ರ ಜನವರಿಯ ಸಾವೊ ಗಬ್ರಿಯೇಲನ್ನು ಕಟ್ಟುವುದಾದರೆ ಅದರ ಅಟ್ಟದ ಮೇಲೆ ನಿಲ್ಲಿಸಬೇಕಾದ ಮೂರೂವರೆ ಸೆಂಟಿಮೀಟರಿನ ಬೊಂಬೆಗಳು ಅಷ್ಟೇ.

ಮೂರು ಹಡಗುಗಳನ್ನು ನಡೆಸುವಷ್ಟು ಕೈಗಳು ಉಳಿಯದ ಕಾರಣ, ಪೂರ್ವ ಆಫ್ರಿಕದ ತೀರದಲ್ಲಿ ಸಾವೊ ರಫಾಯೇಲಿಗೆ ಅವರೇ ಬೆಂಕಿಯಿಟ್ಟರು. ಅದರ ನಾಯಕ ಪೌಲೊ ಡ ಗಾಮ ಊರು ಮುಟ್ಟಲಿಲ್ಲ. ಅಜೋರ್ಸ್ ದ್ವೀಪಗಳಲ್ಲಿ ತಮ್ಮನ ಕಣ್ಣೆದುರೇ ತೀರಿಕೊಂಡ. ಹೊರಟ 170ರಲ್ಲಿ ಲಿಸ್ಬನ್ನನ್ನು ಮತ್ತೆ ಕಂಡವರು ಸುಮಾರು 55. ಮರದ ಹಡಗುಗಳು ಎಲ್ಲಿ ಹೋದವೋ ಹೋದವು. ಆದರೆ ಸಾವೊ ರಫಾಯೇಲನ್ನು ಸುಡುವ ಮೊದಲು ಅದರಲ್ಲಿದ್ದ ಮಹಾದೂತ ರಫಾಯೇಲರ ಮರದ ಪ್ರತಿಮೆಯನ್ನು ಇಳಿಸಿಕೊಂಡಿದ್ದರು. ಯಾರೋ ಹೆಸರಿಲ್ಲದ ಶಿಲ್ಪಿ ಉಳಿಯಿಂದ ಕೆತ್ತಿದ ಆ ಪ್ರತಿಮೆ ಐದು ಶತಮಾನಗಳನ್ನು ದಾಟಿ ಬಂದಿದೆ. ಲಿಸ್ಬನ್ನಿನ ಅದೇ ನೌಕಾ ಸಂಗ್ರಹಾಲಯದಲ್ಲಿ, ಅಂದಾಜಿನಿಂದ ಕಟ್ಟಿದ ಹಡಗುಗಳ ಮಾದರಿಗಳ ನಡುವೆ, ಅದು ಇಂದಿಗೂ ನಿಂತಿದೆ.